ಕಲ್ಲಿನ ಕಟ್ಟಡವನ್ನು ಶುಚಿಗೊಳಿಸುವ ಬಗೆ

ಕಲ್ಲಿಗೆ ಮುಪ್ಪಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಸ್ಸು ಲಾರಿಗಳ ಹೊಗೆಯ ನಡುವೆ ನಿಂತ ಕಲ್ಲಿಗೆ ಕೊಳೆಯೂ ಉಂಟು, ರೋಗವೂ ಉಂಟು. ಶುಚಿಗೊಳಿಸಲು ಹೊರಟವರ ಅವಸರದಿಂದ ಬರುವ ರೋಗವಂತೂ ವಾಸಿಯಾಗುವಂಥದಲ್ಲ. ಈ ಪಾಠವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ.

ನನ್ನ ಊರು ಸೋಸಲೆ. ತಂದೆಯವರು ಗಾರೆ ಕೆಲಸದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ, ನಮ್ಮ ಬೀದಿಯ ಸಣ್ಣ ಗುಡಿಯ ಕಂಬಗಳಿಗೆ ಮೆತ್ತಿದ್ದ ಸುಣ್ಣವನ್ನೂ ಎಣ್ಣೆಯ ಜಿಡ್ಡನ್ನೂ ತೆಗೆಯಲು ಯುವಕರೆಲ್ಲ ಸೇರಿದೆವು. ಆ್ಯಸಿಡ್ ಸುರಿದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಸಂದುಗಳಿಗೆ ಸಿಮೆಂಟು ತುಂಬೋಣವೆಂಬ ಸಲಹೆ ನನ್ನದೇ. ತಂದೆಯವರು, "ಬ್ಯಾಡ ಕಣ್ಲಾ ಮಗ, ಕಲ್ಗೂ ಉಸ್ರು ಅದೆ" ಎಂದರು. ಓದಿದವನೆಂಬ ಹಮ್ಮಿನಿಂದ ನಾನು ನಕ್ಕೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಅಂಚಿನಲ್ಲಿ ಬಿಳಿಯ ಉಪ್ಪು ಹೂತಿತು; ಕಂಬದ ಮೇಲಿನ ಬಳ್ಳಿಯ ಕೆತ್ತನೆ ಪದರಪದರವಾಗಿ ಉದುರಿತು.

ತಂದೆಯವರ ಮಾತಿನ ಅರ್ಥವಿಷ್ಟು. ಗೋಡೆಯೊಳಗೆ ಸೇರಿದ ನೀರು ಹೇಗಾದರೂ ಹೊರಬರಲೇಬೇಕು. ಸುಣ್ಣದ ಗಾರೆ ಮೃದು. ತೇವವು ಅದರ ಮೂಲಕ ಆರಿಹೋಗುವುದು. ಸಿಮೆಂಟು ಗಡುಸು, ಅದು ದಾರಿ ಕಟ್ಟಿದಾಗ ತೇವವು ಕಲ್ಲಿನ ಮೂಲಕವೇ ಹೊರಡುವುದು. ನೀರಿನಲ್ಲಿ ಕರಗಿದ ಉಪ್ಪು ಅಲ್ಲಿಯೇ ಹರಳುಗಟ್ಟಿ, ಕಲ್ಲಿನ ಮೈಯನ್ನು ಒಳಗಿನಿಂದ ಒಡೆಯುವುದು.

ಆದುದರಿಂದ ಮೊದಲು ಕಲ್ಲಿನ ಜಾತಿಯನ್ನು ಅರಿಯಬೇಕು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ನರ ನಕ್ಷೆಯಂತೆ 1912ರಲ್ಲಿ ಮುಗಿದ ಈಗಿನ ಅರಮನೆಯ ಗೋಡೆಗಳಿಗೆ ಬೂದುಬಣ್ಣದ ಗ್ರಾನೈಟ್ ಬಳಸಿದ್ದಾರೆ. ಅದು ಗಟ್ಟಿಯಾದ ಕಲ್ಲು. ನಮ್ಮ ತಾಲ್ಲೂಕಿನ ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯವಾದರೋ ಬಳಪದ ಕಲ್ಲಿನದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉಗುರಿನಿಂದಲೂ ಗೀರಬಹುದಾದ ಈ ಜಾತಿಯ ಕಲ್ಲಿಗೆ ತಂತಿಯ ಬ್ರಷ್ಷು ಶತ್ರು. ಮರಳನ್ನು ರಭಸದಿಂದ ಸಿಡಿಸುವ ಯಂತ್ರವಂತೂ ಗ್ರಾನೈಟಿನ ನುಣುಪನ್ನೇ ಕೆಡಿಸುವುದು; ಒರಟಾದ ಮೈಗೆ ಧೂಳು ಮತ್ತಷ್ಟು ಬೇಗ ಹಿಡಿಯುವುದು.

ಎರಡನೆಯದಾಗಿ, ನೀರಿನ ದಾರಿಯನ್ನು ನೋಡಬೇಕು. ಮಾಳಿಗೆಯ ಬಿರುಕು, ಕಟ್ಟಿದ ದೋಣಿ, ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿ, ಇವನ್ನು ಸರಿಪಡಿಸದೆ ಮುಖ ತೊಳೆದು ಫಲವಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಬಿಟ್ಟರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಜನ ತುಂಬಿದ ಪೇಟೆಯಲ್ಲಿ ಹಳೆಯ ಗೋಡೆಯನ್ನು ಕಾಯುವುದೆಂದರೆ ಜನರ ಜೀವವನ್ನು ಕಾಯುವುದೇ ಆಗಿದೆ.

ಅನಂತರ ಶುಚಿಯ ಕೆಲಸ. ಮರೆಯಲ್ಲಿರುವ ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷಿಸಬೇಕು. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದು, ಆಮೇಲೆ ಸ್ವಲ್ಪವೇ ನೀರು ಬಳಸಬೇಕು. ಉಪ್ಪು ಹೂತಲ್ಲಿ ನೆನೆಸಿದ ಕಾಗದದ ತಿರುಳನ್ನು ಮೆತ್ತಿ ಒಣಗಲು ಬಿಟ್ಟರೆ, ಉಪ್ಪು ಅದರೊಳಕ್ಕೆ ಇಳಿಯುವುದು. ನಂಜನಗೂಡಿನಂಥ ಜನನಿಬಿಡ ಊರಿನಲ್ಲಿ ಇಡೀ ಕಟ್ಟಡಕ್ಕೆ ಒಮ್ಮೆಲೇ ಕೈಹಾಕದೆ, ಸಾರುವೆ ಕಟ್ಟಿ, ಪರದೆ ಇಳಿಬಿಟ್ಟು, ಅಂಗಡಿಗಳಿಗೂ ನಡೆಯುವವರಿಗೂ ದಾರಿ ಬಿಟ್ಟು, ಭಾಗಭಾಗವಾಗಿ ಮಾಡುವುದು ಲೇಸು. ಸಂದುಗಳಿಗೆ ಚೆನ್ನಾಗಿ ಅರಳಿದ ಸುಣ್ಣ ಮತ್ತು ಮರಳಿನ ಗಾರೆಯೇ ತಕ್ಕುದು. ಹಿಂದಿನವರು ಅದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ತಂದೆಯವರು ನಮ್ಮ ಗುಡಿಯ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ ಗಾರೆ ತುಂಬಿದರು. ನಾನು ಬಾಣಲೆ ಹೊತ್ತೆ. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಗುಡಿ ಈಗ ಒಣಗಿ ನಿಂತಿದೆ. ಉದುರಿದ ಬಳ್ಳಿ ಮಾತ್ರ ಮರಳದು. ಪದವಿಯನ್ನು ಹೊತ್ತು ಊರಿಗೆ ಹಿಂತಿರುಗುವ ನಾವು ಹಳೆಯ ಕಲ್ಲನ್ನು ಮುಟ್ಟುವ ಮೊದಲು, ಗಾರೆ ಕಲಸಿದ ಕೈಗಳನ್ನೊಮ್ಮೆ ಕೇಳೋಣ.