ಒಸಡಿನ ಕಾಯಿಲೆ ವಂಶದಿಂದ ಬರುತ್ತಾ?

"ನಮ್ಮ ಮನೇಲಿ ಎಲ್ಲರಿಗೂ ನಲವತ್ತಕ್ಕೇ ಹಲ್ಲು ಅಲ್ಲಾಡುತ್ತೆ ಡಾಕ್ಟ್ರೇ" ಅನ್ನುತ್ತೀರಿ. ಅರ್ಧ ನಿಜ. 2000ರಲ್ಲಿ ಪ್ರಕಟವಾದ, 117 ಅವಳಿ ಜೋಡಿಗಳ ಅಧ್ಯಯನದಲ್ಲಿ ಒಸಡು ರೋಗದ ವ್ಯತ್ಯಾಸದಲ್ಲಿ ಸುಮಾರು ಅರ್ಧಕ್ಕೆ ವಂಶವಾಹಿಯೇ ಕಾರಣವೆಂದು ಕಂಡಿತು. ಹಲ್ಲಿನ ಬುಡದ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇದೆ. ಕೆಲವರ ದೇಹ ಅದರ ಮೇಲೆ ಅತಿಯಾಗಿ ಎಗರಾಡಿ, ಹಲ್ಲು ಹಿಡಿದ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ.

ಹೃದಯದ ಡಾಕ್ಟರಿಗೆ ಇದೇಕೆ? 9ನೇ ಕ್ರೋಮೋಸೋಮಿನ ಒಂದೇ ಜಾಗ ಹೃದಯಾಘಾತಕ್ಕೂ, ಚಿಕ್ಕ ವಯಸ್ಸಿನ ತೀವ್ರ ಒಸಡು ರೋಗಕ್ಕೂ ನಂಟು ಹೊಂದಿದೆ. (ಒಸಡು ಸರಿಮಾಡಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆಂದು ಮಾತ್ರ ಸಾಬೀತಾಗಿಲ್ಲ.)

ಈ ರೋಗ ಬಹುಕಾಲ ನೋಯುವುದೇ ಇಲ್ಲ. ಬ್ರಷ್ ಮಾಡುವಾಗ ರಕ್ತ ಬಂದರೆ ಡೆಂಟಿಸ್ಟ್‌ಗೆ ತೋರಿಸಿ. ಸಿಗರೇಟು ಸೇದುವವರಿಗೆ ಆ ರಕ್ತವೂ ಸರಿಯಾಗಿ ಕಾಣುವುದಿಲ್ಲ. ಹೊಸ ಊರಿನ ಡಾಕ್ಟರಿಗೆ ನಿಮ್ಮ ಮನೆತನ ಗೊತ್ತಿರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ಅಪ್ಪ, ದೊಡ್ಡಪ್ಪ, ಅಜ್ಜಿಗೆ ಯಾವ ವಯಸ್ಸಿಗೆ ಹಲ್ಲು ಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ.