ಹೊಂಡದ ಮೀನಿನ ಮೈಮೇಲಿನ ಗಾಯ ಮತ್ತು ಕಲೆಗಳು: ಗುರುತಿಸುವ ಬಗೆ

ಹಿತ್ತಲಿನ ಹೊಂಡದಲ್ಲಿಯೂ ತೋಟದ ಕೃಷಿ ಹೊಂಡದಲ್ಲಿಯೂ ಮೀನು ಸಾಕುವ ರೈತರ ಸಂಖ್ಯೆ ಹೆಚ್ಚುತ್ತಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಡಿ ತೋಡಿದ ಅನೇಕ ಹೊಂಡಗಳಲ್ಲಿ ಇಂದು ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳನ್ನು ಬೆಳೆಸಲಾಗುತ್ತಿದೆ. ಬೆಳೆಗೆ ಬಿದ್ದ ರೋಗ ಎಲೆಯ ಮೇಲೆ ಕಾಣುವಂತೆ ಮೀನಿನ ತೊಂದರೆ ಅದರ ಮೈಮೇಲೆ ಕಾಣುತ್ತದೆ. ಆದರೆ ಎಲ್ಲ ಕಲೆಯೂ ರೋಗವಲ್ಲ, ಎಲ್ಲ ಗಾಯವೂ ಅಂಟುವಂಥದಲ್ಲ. ಇದನ್ನರಿಯದೆ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಹೊಂಡಕ್ಕೆ ಸುರಿದರೆ, ಒಂದು ಮೀನಿನ ಗಾಯಕ್ಕಾಗಿ ಹೊಂಡದ ಮೀನನ್ನೆಲ್ಲ ಕಳೆದುಕೊಳ್ಳಬೇಕಾಗುತ್ತದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ.

ಪರೀಕ್ಷಿಸುವ ಕ್ರಮ

ಬೆಳಗಿನ ತಂಪು ಹೊತ್ತಿನಲ್ಲಿ ಬೀಸುಬಲೆಯಿಂದ ಸುಮಾರು 20 ಮೀನುಗಳನ್ನು ಹಿಡಿದು, ಹೊಂಡದ ನೀರನ್ನೇ ತುಂಬಿದ ಅಗಲ ಪಾತ್ರೆಯಲ್ಲಿ ಬಿಡಬೇಕು. ಕೈಯನ್ನು ಒದ್ದೆ ಮಾಡಿಕೊಂಡೇ ಮೀನನ್ನು ಹಿಡಿಯಬೇಕು. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತು ಹೊಸ ಗಾಯವಾಗುತ್ತದೆ. ನಂತರ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎಷ್ಟು ಮೀನುಗಳಲ್ಲಿ ಗುರುತಿದೆ? ಒಂದೇ ಮಗ್ಗುಲಲ್ಲಿದೆಯೋ, ಎರಡೂ ಕಡೆಯೋ? ಯಾವ ಜಾತಿಯ ಮೀನುಗಳಲ್ಲಿದೆ? ಹಿಂದಿನ ವಾರ ಬಲೆ ಎಳೆದಿತ್ತೇ ಅಥವಾ ಹೊಸ ಮರಿ ಬಿಟ್ಟಿತ್ತೇ? ಉತ್ತರಗಳನ್ನು ಬರೆದಿಡುವುದು ಒಳ್ಳೆಯದು.

ಸತ್ತ ಮೀನನ್ನು ನೋಡಿ ನಿರ್ಧರಿಸಬಾರದು. ಸತ್ತ ಕೆಲವೇ ಗಂಟೆಗಳಲ್ಲಿ ಕಿವಿರು ಬಿಳಿಚಿಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಇವು ಕೊಳೆಯುವಿಕೆಯ ಚಿಹ್ನೆಗಳೇ ಹೊರತು ರೋಗದವಲ್ಲ.

ಸಹಜ ಗುರುತುಗಳು

ರೋಹುವಿನ ಹುರುಪೆಗಳ ಕೆಂಪು ಛಾಯೆ ಮತ್ತು ಕೆಂಪಗಿನ ಈಜುರೆಕ್ಕೆ ಸಹಜವಾದವು. ಅವು ಎಲ್ಲ ರೋಹುಗಳಲ್ಲಿ, ಎರಡೂ ಮಗ್ಗುಲಲ್ಲಿ ಸಮನಾಗಿರುತ್ತವೆ. ರಕ್ತ ಕಟ್ಟಿದ ಕೆಂಪು ಹಾಗಲ್ಲ. ಅದು ಅಲ್ಲಲ್ಲಿ ಮಚ್ಚೆಯಾಗಿ ಕಾಣುತ್ತದೆ. ಸಾಮಾನ್ಯ ಗೆಂಡೆಯ ಕನ್ನಡಿ ಗೆಂಡೆ ಎಂಬ ತಳಿಯಲ್ಲಿ ಕೆಲವೇ ದೊಡ್ಡ ಹುರುಪೆಗಳಿರುತ್ತವೆ. ಹುರುಪೆ ಉದುರಿತೆಂದು ಗಾಬರಿಪಡಬೇಕಿಲ್ಲ. ರಾಡಿ ನೀರಿನಲ್ಲಿ ಬೆಳೆದ ಮೀನಿನ ಬಣ್ಣ ತಿಳಿಯಾಗಿರುತ್ತದೆ. ಹಳೆಯ ಗಾಯ ಮಾಗಿದ ಕಡೆ ಹುರುಪೆಯ ಸಾಲು ತಪ್ಪಿರುತ್ತದೆ. ಇವಾವುದಕ್ಕೂ ಚಿಕಿತ್ಸೆ ಬೇಡ.

ಪೆಟ್ಟಿನಿಂದಾದ ಗಾಯ

ಬಲೆಯ ಉಜ್ಜಿನಿಂದಾದ ಗಾಯದಲ್ಲಿ ಹುರುಪೆ ಉದುರಿರುತ್ತದೆ, ಮೂತಿ ತರಚಿರುತ್ತದೆ. ಬಲೆ ಎಳೆದ ಒಂದೆರಡು ದಿನಗಳಲ್ಲಿ ಇದು ಕಾಣುತ್ತದೆ. ಬಕ ಪಕ್ಷಿ ಚುಚ್ಚಿದ ಗಾಯ ಆಳವಾಗಿ ಒಂದೇ ಕಡೆ ಇರುತ್ತದೆ. ನೀರುಕಾಗೆ ಕಚ್ಚಿ ಬಿಟ್ಟ ಮೀನಿನ ಎರಡೂ ಮಗ್ಗುಲಲ್ಲಿ ಗೀರುಗಳು ಕಾಣುತ್ತವೆ. ಇಂತಹ ಗಾಯ ಬೆರಳೆಣಿಕೆಯ ಮೀನುಗಳಲ್ಲಿ ಮಾತ್ರ ಇರುತ್ತದೆ. ಹೊಂಡದ ಮೇಲೆ ಬಲೆ ಅಥವಾ ದಾರ ಕಟ್ಟುವುದೇ ಪರಿಹಾರ. ಆದರೆ ಗಾಯದ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು ಬೆಳೆದಿದ್ದರೆ ಶಿಲೀಂಧ್ರ ಸೇರಿಕೊಂಡಿದೆಯೆಂದು ತಿಳಿಯಬೇಕು.

ಪರೋಪಜೀವಿಗಳ ಗುರುತು

ಚಪ್ಪಟೆಯಾಗಿ, ಪಾರದರ್ಶಕವಾಗಿ, ಮೈಮೇಲೆ ಸರಿದಾಡುವ ಜೀವಿ ಮೀನು ಹೇನು. ಅದು ಕಚ್ಚಿದ ಕಡೆ ಕೆಂಪು ಚುಕ್ಕೆ ಉಳಿಯುತ್ತದೆ. ದಾರದ ತುಂಡಿನಂತೆ ಮೈಯಿಂದ ಹೊರಚಾಚಿ, ತುದಿಯಲ್ಲಿ ಎರಡು ಮೊಟ್ಟೆಚೀಲಗಳಿದ್ದರೆ ಅದು ಲಂಗರು ಹುಳು. ಇವೆರಡೂ ಇದ್ದಾಗ ಮೀನುಗಳು ಹೊಂಡದ ಅಂಚಿಗೆ ಮೈ ಉಜ್ಜುತ್ತವೆ. ಮೀನು ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ ಹೊಂಡದಲ್ಲಿ ಬಿದಿರಿನ ಗಳುಗಳನ್ನು ನೆಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಮೊಟ್ಟೆಗಳು ನಾಶವಾಗುತ್ತವೆ.

ಗುಂಡುಸೂಜಿಯ ತಲೆಯಷ್ಟು ಕಪ್ಪು ಚುಕ್ಕೆಗಳು ಚಪ್ಪಟೆ ಹುಳುವಿನ ಮರಿ ಚರ್ಮದಲ್ಲಿ ಸೇರಿರುವ ಗುರುತು. ಈ ಹುಳು ಬಸವನಹುಳುವಿನ ಮೂಲಕ ಮೀನಿಗೂ, ಮೀನಿನಿಂದ ಮೀನು ತಿನ್ನುವ ಪಕ್ಷಿಗೂ ಸಾಗುತ್ತದೆ. ಜಲಕಳೆಯನ್ನೂ ಬಸವನಹುಳುಗಳನ್ನೂ ತೆಗೆದರೆ ಈ ಸರಪಳಿ ಮುರಿಯುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತಿದ್ದರೆ ಜಲೋದರ. ಈಜುರೆಕ್ಕೆಯ ಅಂಚು ಬಿಳಿಚಿ ಹರಿದಿದ್ದರೆ ರೆಕ್ಕೆ ಕೊಳೆ. ಇವುಗಳಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಪಾತ್ರವಿರುತ್ತದೆ.

ಎಲ್ಲಕ್ಕಿಂತ ಭಯಪಡಬೇಕಾದದ್ದು ಸಾಂಕ್ರಾಮಿಕ ಹುಣ್ಣು ರೋಗ. ಇದು 1988ರಲ್ಲಿ ದೇಶದ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡು ಮುಂದೆ ಇತರ ರಾಜ್ಯಗಳಿಗೂ ಹರಡಿತು. ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿ ಇದಕ್ಕೆ ಕಾರಣ. ಮಳೆಗಾಲ ಮುಗಿದು ಚಳಿ ಬೀಳುವಾಗ ಮೊದಲು ಕೆಂಪು ಮಚ್ಚೆ, ನಂತರ ಮಾಂಸ ಕಾಣುವ ಹುಣ್ಣು ಮೂಡುತ್ತದೆ. ಕೊರವ ಮೀನು ಬೇಗ ತುತ್ತಾಗುತ್ತದೆ. ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದುದರಿಂದ ಗೆಂಡೆಗಳು ಶುಚಿಯಾಗಿದ್ದು ಉಳಿದ ಜಾತಿಗಳಲ್ಲಿ ಹುಣ್ಣು ಕಂಡರೆ ಈ ರೋಗವೆಂದು ಶಂಕಿಸಬೇಕು.

ಕೈಗೊಳ್ಳಬೇಕಾದ ಕ್ರಮ

1. ಹುಣ್ಣಾದ ಮತ್ತು ಸತ್ತ ಮೀನುಗಳನ್ನು ತೆಗೆದು, ಹೊಂಡದಿಂದ ದೂರ ಸುಣ್ಣ ಹಾಕಿ ಹೂಳಬೇಕು. ಅವುಗಳನ್ನು ಮಾರಬಾರದು, ನಾಲೆಗೆ ಎಸೆಯಬಾರದು.

2. ಬಲೆಯ ಗಾಯವಾದ ಮೀನುಗಳನ್ನು 10 ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಒಂದೆರಡು ನಿಮಿಷ ಅದ್ದಬೇಕು. ಮೀನು ಮಗುಚಿದ ಕೂಡಲೇ ಹೊರತೆಗೆಯಬೇಕು.

3. ಹುಣ್ಣು ರೋಗದ ಶಂಕೆಯಿದ್ದು ನೀರಿನ ರಸಸಾರ 8.5ಕ್ಕಿಂತ ಕಡಿಮೆಯಿದ್ದರೆ, 10 ಗುಂಟೆ ಹೊಂಡಕ್ಕೆ 10 ಕಿಲೋ ಕೃಷಿ ಸುಣ್ಣವನ್ನು ಎರಡು ಕಂತುಗಳಲ್ಲಿ ಹಾಕಬಹುದು.

4. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಶೋಧನಾ ಸಂಸ್ಥೆಯು ಈ ರೋಗಕ್ಕೆ ಸಿಫ್ಯಾಕ್ಸ್ ಎಂಬ ಔಷಧ ರೂಪಿಸಿದೆ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ ಒಂದು ಲೀಟರ್, ಅಂದರೆ 10 ಗುಂಟೆಗೆ ಸುಮಾರು 100 ಮಿಲಿಲೀಟರ್ ಸಾಕು.

5. ರೋಗ ಕಂಡ ಹೊಂಡದ ಬಲೆಯನ್ನು ಬಿಸಿಲಿನಲ್ಲಿ ಒಣಗಿಸದೆ ಬೇರೆ ಹೊಂಡಕ್ಕೆ ಇಳಿಸಬಾರದು.

20 ಮೀನುಗಳಲ್ಲಿ ಒಂದೆರಡಕ್ಕೆ ಗಾಯವಿದ್ದು ಉಳಿದವು ಚುರುಕಾಗಿದ್ದರೆ ವಾರದ ನಂತರ ಮತ್ತೆ ನೋಡಿದರೆ ಸಾಕು. ಐದಾರು ಮೀನುಗಳಲ್ಲಿ ಒಂದೇ ಬಗೆಯ ಗುರುತು ಕಂಡರೆ, ಎರಡು ಮೂರು ಜೀವಂತ ಮೀನುಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಂದು ಸೀಸೆ ಹೊಂಡದ ನೀರಿನೊಡನೆ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೆ ಒಯ್ಯಬೇಕು. ರೋಗ ಯಾವುದೆಂದು ತಿಳಿಯುವವರೆಗೆ ಹೊಂಡಕ್ಕೆ ಯಾವ ಔಷಧವನ್ನೂ ಹಾಕದಿರುವುದೇ ಕ್ಷೇಮ.