ರೊಕ್ಕ ಕಟ್ಟುವ ಮುಂಚೆ ಒಂದು ವಾಕ್ಯ

ಹಲಕುಂದಿ

ಚಿ. ಮಂಜುವಿಗೆ,

ಬಿಸಿನೆಸ್ ಕೋಚಿಗೆ ಫೀಸು ಕಟ್ಟಲೇ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬೇಗ ಬೈಯುತ್ತೇನೆ, ನೀನು ಬೇಗ ‘ಆಯ್ತು ದೊಡ್ಡಪ್ಪ’ ಅಂದುಬಿಡುತ್ತೀ. ಅದಕ್ಕೇ ಈ ಕಾಗದ.

ಬಿಸಿನೆಸ್ ಕೋಚ್ ಅಂತೆ. ಆರು ತಿಂಗಳು ಜೊತೆಗಿದ್ದು ದಾರಿ ತೋರಿಸುತ್ತಾರಂತೆ. ಫೀಸು 60 ಸಾವಿರ, ಮೇಲೆ ಶೇ 18 ಜಿಎಸ್‌ಟಿ. ಶನಿವಾರದೊಳಗೆ ಕಟ್ಟಿದರೆ ಈ ರೇಟು, ದಾಟಿದರೆ ಇನ್ನೂ ಹೆಚ್ಚು. ಆ ಶನಿವಾರದ ಗಡುವೇ ನನ್ನ ಮನಸ್ಸಿಗೆ ಬರಲಿಲ್ಲ ನೋಡು. ಆರು ತಿಂಗಳು ಜೊತೆಗಿರುವವರಿಗೆ ಇನ್ನೊಂದು ವಾರ ಕಾಯುವಷ್ಟು ಪುರುಸೊತ್ತಿಲ್ಲವೇನು?

ಅವಸರ ಮಾಡಿಸುವ ಸಲಹೆಗಾರರಿಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಯಾವತ್ತೂ ಬರವಿರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ಕಾಲ ನಿನಗೆ ನೆನಪಿರಲಿಕ್ಕಿಲ್ಲ. ಚೀನಾದವರು ಇಲ್ಲಿಯ ಕಬ್ಬಿಣದ ಅದಿರನ್ನು ಬಾಚಿ ಒಯ್ಯುತ್ತಿದ್ದರು. ಸಂಡೂರು, ಹೊಸಪೇಟೆ ಕಡೆಯ ರಸ್ತೆಯಲ್ಲಿ ಹೋಗಿ ಬಂದರೆ ಅಂಗಿಯ ಬಣ್ಣವೇ ಬದಲಾಗುತ್ತಿತ್ತು. ಆಗ ಊರೂರಿಗೆ ಜನ ಬಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು: ಹೊಲ ಒತ್ತೆಯಿಟ್ಟು ಟಿಪ್ಪರ್ ತಗೊಳ್ಳಿ, ಎರಡು ವರ್ಷಕ್ಕೆ ಸಾಲ ತೀರುತ್ತದೆ. ಒಂದು ಪೈಸೆ ಫೀಸು ಕೇಳಲಿಲ್ಲ ಪುಣ್ಯಾತ್ಮರು. ನಾನೂ ಒಂದು ತಗೊಂಡೆ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಕಂತು ಮಾತ್ರ ನಿಲ್ಲಲಿಲ್ಲ. ಗಾಡಿ ಕೊಡಿಸಿದಾತನಿಗೆ ಒಂದೊಂದು ಗಾಡಿಗೂ ಕಮಿಷನ್ ಇತ್ತೆಂದು ಆಮೇಲೆ ಗೊತ್ತಾಯಿತು.

ಹಾಗಾಗಿ ಬಿಟ್ಟಿ ಹೇಳುವವರು ಒಳ್ಳೆಯವರು, ಫೀಸು ಕೇಳುವವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಇಷ್ಟು ಕೊಡು ಅಂತ ಎದುರಿಗೇ ಕೇಳುವವರು ಒಂದು ಲೆಕ್ಕಕ್ಕೆ ಮೇಲು. ಪ್ರಶ್ನೆ ಇರುವುದು ಬೇರೆ ಕಡೆ: ಕೊಟ್ಟ ರೊಕ್ಕಕ್ಕೆ ನಿನಗೆ ಏನು ಸಿಗುತ್ತದೆ ಅನ್ನುವುದರಲ್ಲಿ.

ಕೌಲ್‌ಬಜಾರಿನ ನಿನ್ನ ಶೆಡ್ಡಿಗೆ ಬಂದಾಗ ನಾನು ಸುಮ್ಮನೆ ಕೂತು ನೋಡುತ್ತಿದ್ದೆ. ಕತ್ತರಿಸಿದ ಡೆನಿಮ್ ಬರುತ್ತದೆ, ನಿನ್ನ ಹುಡುಗರು ಹೊಲಿಯುತ್ತಾರೆ, ಪೀಸು ವಾಷಿಂಗಿಗೆ ಹೋಗುತ್ತದೆ, ಯಾರದೋ ಬ್ರ್ಯಾಂಡಿನ ಚೀಟಿ ಹಚ್ಚಿಕೊಂಡು ದೇಶ ಸುತ್ತುತ್ತದೆ. ಪೀಸಿಗೆ ಖರ್ಚೆಲ್ಲ ಕಳೆದು 10 ರೂಪಾಯಿ ಉಳಿಯುತ್ತದೆ ಅಂತ ನೀನೇ ಹೇಳಿದ್ದೆ. ಜಿಎಸ್‌ಟಿ ಸೇರಿದರೆ ಆ ಕೋಚಿನ ಫೀಸು 70,800 ರೂಪಾಯಿ. ಅಂದರೆ 7,080 ಪ್ಯಾಂಟು, ತಮ್ಮಾ. ನಿನಗೆ ಜಿಎಸ್‌ಟಿ ನೋಂದಣಿ ಇಲ್ಲವಾದ್ದರಿಂದ ಆ ತೆರಿಗೆಯ ರೊಕ್ಕ ತಿರುಗಿ ಬರುವುದೂ ಇಲ್ಲ.

ಇಷ್ಟು ಕೊಟ್ಟು ಏನು ಕಲಿಯಬೇಕು ಅಂತಿದ್ದೀ? ಕೇಳಿದಾಗ ‘ಬಿಸಿನೆಸ್ ಬೆಳೆಸೋದು’ ಅಂದೆ. ಅದು ಉತ್ತರವಲ್ಲ. ನಿನ್ನ ಮಾತನ್ನೆಲ್ಲ ಕೇಳಿದ ಮೇಲೆ ನನಗೆ ಕಂಡದ್ದು ಒಂದೇ ತೊಂದರೆ: ಕೆಲಸ ಇದೆ, ರೊಕ್ಕ ಬರುವುದಿಲ್ಲ. ಮೂರು ತಿಂಗಳಾದರೂ ಉದ್ರಿ ವಸೂಲಾಗುವುದಿಲ್ಲ. ಹುಡುಗರ ವಾರದ ಬಟವಾಡೆಗೆ ನೀನು ಕೈಸಾಲ ಮಾಡುತ್ತೀ.

ಇದಕ್ಕೆ ಕಾನೂನೇ ಇದೆ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ ಸಣ್ಣ ಘಟಕದಿಂದ ಕೆಲಸ ಮಾಡಿಸಿಕೊಂಡವರು 15 ದಿನದಲ್ಲಿ, ಬರವಣಿಗೆಯ ಕರಾರಿದ್ದರೆ ಹೆಚ್ಚೆಂದರೆ 45 ದಿನದಲ್ಲಿ ರೊಕ್ಕ ಕೊಡಬೇಕು. ತಡವಾದರೆ ಬಡ್ಡಿ, ಅದೂ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಪಾವತಿ ಮಾಡುವ ತನಕ, ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಅಂತಲೂ ಈಚೆಗೆ ನಿಯಮವಾಗಿದೆ. ಇದಕ್ಕೆಲ್ಲ ಮೊದಲು ಉದ್ಯಮ್ ನೋಂದಣಿ ಬೇಕು. ಅದಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಂದು ಬೆಳಿಗ್ಗೆ ಹೋಗಿ ಕೇಳು, ಇಲ್ಲವೇ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬಾ.

ಆದರೆ ಕಾನೂನು ತೋರಿಸಿದರೆ ಮುಂದಿನ ಆರ್ಡರ್ ಬರುತ್ತದೆಯೇ ಅಂತ ಕೇಳುತ್ತೀ. ಸರಿಯಾದ ಮಾತು. ಗಿರಾಕಿಯನ್ನು ಕಳಕೊಳ್ಳದೆ ಬಾಕಿ ಕೇಳುವುದು ಹೇಗೆ, ಯಾರಿಗೆ ಎಷ್ಟರ ತನಕ ಉದ್ರಿ ಬಿಡಬೇಕು, ಯಾರಿಗೆ ಮೊದಲೇ ಅರ್ಧ ಕೇಳಬೇಕು — ಇದು ಕಾಯಿದೆ ಪುಸ್ತಕದಲ್ಲಿಲ್ಲ. ಇಪ್ಪತ್ತು ವರ್ಷ ಜೀನ್ಸ್ ಹೊಲಿಸಿ ಪೆಟ್ಟು ತಿಂದವರಿಗೆ ಗೊತ್ತು. ಅಂಥವರು ವಾರಕ್ಕೊಮ್ಮೆ ನಿನ್ನ ಶೆಡ್ಡಿಗೆ ಬಂದು, ಯಾವ ಮಷೀನಿನ ಮುಂದೆ ಪೀಸು ಗುಡ್ಡೆ ಬೀಳುತ್ತಿದೆ, ನಿನ್ನ ಉದ್ರಿ ಪುಸ್ತಕದಲ್ಲಿ ಯಾರು ಮುಳುಗಿಸುವವರು ಅಂತ ತೋರಿಸಿದರೆ ತಿಂಗಳಿಗಿಷ್ಟು ಅಂತ ಕೊಡು. ನಾನೂ ಸೇರಿಸುತ್ತೇನೆ. ಅದು ದಂಡವಲ್ಲ.

ಜೊತೆಗಿದ್ದು ಕಲಿಸುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮುಖ್ಯವಾದದ್ದು ಆಮೇಲಿನದು. ಕಲಿತು ಹೋದವರು ಅಂಗಡಿ ಇಟ್ಟರೇ, ಸಾಲ ಸಿಕ್ಕಿತೇ ಅಂತ ಬೆನ್ನುಹತ್ತಿ ವಿಚಾರಿಸುತ್ತಾರೆ. ಅದನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ತೆರೆಸಿತು. ನಿನ್ನ ಕೋಚಿಗೂ ಅದನ್ನೇ ಕೇಳು. ಹೋದ ವರ್ಷ ನಿಮ್ಮ ಹತ್ತಿರ ಕಲಿತವರು ಈಗ ಏನು ಮಾಡುತ್ತಿದ್ದಾರೆ? ಕೋಚ್ ಆರಿಸಿ ಕೊಟ್ಟ ಹೆಸರು ಬೇಡ, ನೀನಾಗಿ ಹುಡುಕಿದ ಇಬ್ಬರ ಜೊತೆ ಮಾತಾಡು. ಆ ಕೋಚ್ ತಾವು ಹೊಲಿಗೆ ಘಟಕ ನಡೆಸಿದ್ದಾರೋ, ಬರೀ ಕೋಚಿಂಗ್ ಘಟಕ ನಡೆಸಿದ್ದಾರೋ ಅದನ್ನೂ ಕೇಳು.

ಇದೆಲ್ಲ ನೆನಪಿರದಿದ್ದರೂ ಚಿಂತೆಯಿಲ್ಲ, ಒಂದು ಕೆಲಸ ಮಾಡು. ನಿನಗೆ ಗೊತ್ತಿಲ್ಲದ್ದು ಏನು ಅಂತ ಒಂದೇ ವಾಕ್ಯದಲ್ಲಿ ಬರಿ. ‘ಬೆಳೆಯಬೇಕು’ ಅನ್ನುವಂಥದ್ದು ಬೇಡ. ‘ಇಂಥವರಿಂದ ಇಷ್ಟು ಬಾಕಿ ಬರಬೇಕು, ಹೇಗೆ ವಸೂಲು ಮಾಡಲಿ’ ಅನ್ನುವಷ್ಟು ಖಚಿತವಾಗಿರಲಿ. ಆ ವಾಕ್ಯ ಬರೆಯಲು ಆಗದಿದ್ದರೆ ನೀನು ಕೊಳ್ಳಲು ಹೊರಟಿರುವುದು ಧೈರ್ಯವನ್ನು. ಅದಕ್ಕೆ ನಾವಿದ್ದೇವೆ. ಬರೆಯಲು ಬಂದರೆ ಅದನ್ನು ಕೋಚಿಗೆ ಕಳಿಸಿ ಏನು ಹೇಳುತ್ತಾರೆ ನೋಡು.

ಸಾಲ ತೆಗೆದು, ಇಎಂಐ ಹಾಕಿಸಿಕೊಂಡು ಮಾತ್ರ ಫೀಸು ಕಟ್ಟಬೇಡ. ಈ ಶನಿವಾರ ದಾಟಲಿ. ಭಾನುವಾರ ಮಕ್ಕಳನ್ನು ಕರಕೊಂಡು ಊರಿಗೆ ಬಾ, ಉದ್ರಿ ಪುಸ್ತಕವನ್ನೂ ತಾ, ಕೂತು ನೋಡೋಣ.

ನಿನ್ನ
ದೊಡ್ಡಪ್ಪ